ಹೊಂಗೆಗೆ ಹಾಕಿದ ನೀರು

ಜೈನರ ಮನೆಯ ಅನಂತಮತಿಯಮ್ಮನ ಜಗಲಿಗೆ ಮಧ್ಯಾಹ್ನ ಮೂರರಿಂದ ಹೊತ್ತು ಮುಳುಗುವವರೆಗೂ ಬಿಸಿಲು. ಅದಕ್ಕೇ ಅವರು ಅಂಗಳದ ಪಡುವಣ ಅಂಚಿಗೆ ಮೂರು ಹೊಂಗೆ ಸಸಿ ನೆಡಿಸಿದ್ದರು. ಮರುವರ್ಷ, ಸಾವಿರದ ಒಂಬೈನೂರ ಐವತ್ತೇಳರ ಬೇಸಗೆಯಲ್ಲಿ, ಮಗಳ ಬಾಣಂತನಕ್ಕೆಂದು ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೊರಟಾಗ ಅವನ್ನು ಬೇಲಿಯಾಚೆಯ ಪೂವಮ್ಮನಿಗೆ ಒಪ್ಪಿಸಿದರು.

"ದಿನಕ್ಕೆ ಒಂದೊಂದು ಕೊಡ ಸಾಕು ಪೂವಕ್ಕ. ಬಟ್ಟೆ ಕಟ್ಟಿ ಸೋಸಿ ಹಾಕು. ಬಟ್ಟೆಯಲ್ಲಿ ಉಳಿದದ್ದನ್ನು ಬಾವಿಗೇ ಜಾಡಿಸು. ನೀರಿನ ಹುಳ ಬಿಸಿ ಮಣ್ಣಲ್ಲಿ ಸಾಯಬಾರದು."

"ಆಯ್ತಮ್ಮ, ನಾನುಂಟಲ್ಲ," ಎಂದಳು ಬೀಡಿ ಸುತ್ತುತ್ತಿದ್ದ ಪೂವಮ್ಮ.

ಒಂದು ತಿಂಗಳು ಹಾಗೆಯೇ ಮಾಡಿದಳು. ಸಸಿಗಳಿಗೆ ತೆಂಗಿನ ಗರಿಯ ನೆರಳು ಕಟ್ಟಿದಳು, ಬುಡಕ್ಕೆ ತರಗೆಲೆ ಹೊದೆಸಿದಳು, ದನ ಬಾರದಂತೆ ಮುಳ್ಳು ಇಟ್ಟಳು. ಆಮೇಲೆ ಎರಡೂ ಮನೆಯ ಬಾವಿಗಳಲ್ಲಿ ಕೆಸರು ಕಂಡಿತು. ಕುಡಿಯುವ ನೀರಿಗೇ ಗದ್ದೆ ದಾಟಿ ಹೋಗಬೇಕು. ಹೊಂಗೆಯ ಎಲೆ ಮುರುಟಿತು. ಒಂದು ದಿನ ಬೂತಾಯಿ ಮೀನು ತೊಳೆದ ನೀರನ್ನು, ತನ್ನ ಬಸಳೆ ಬಳ್ಳಿಗೆ ಹಾಕುವ ಹಾಗೆ, ಆ ಪಾತಿಗಳಿಗೂ ಹೊಯ್ದಳು. ಎಂಟೇ ದಿನದಲ್ಲಿ ಚಿಗುರು.

ಆಮೇಲೆ ಅದೇ ರೂಢಿಯಾಯಿತು. ಸೈಕಲ್ಲಿನಲ್ಲಿ ಮೀನು ತರುವ ಹಸೈನಾರ್ ಕೂಡ ಬುಟ್ಟಿ ತೊಳೆದ ನೀರು ಕೊಡತೊಡಗಿದ.

"ಬೂತಾಯಿ ನಿಮಗೆ, ನೀರು ಹೊಂಗೆಗೆ. ನಾಳೆ ಅದು ಹುಳಿ ಮೆಣಸೂ ಕೇಳೀತು, ನೋಡಿ."

ಪೂವಮ್ಮ ನಕ್ಕಳು. ನಗುವಾಗ ಅನಂತಮತಿಯಮ್ಮನ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದಳು. ಅಮ್ಮ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡಳು.

ಮಳೆ ಹಿಡಿಯುವ ಮೊದಲೇ ಅನಂತಮತಿಯಮ್ಮ ಬಂದರು. ಚೀಲ ಜಗಲಿಯಲ್ಲಿಟ್ಟು ನೆಟ್ಟಗೆ ಸಸಿಗಳ ಬಳಿಗೇ ನಡೆದರು.

"ಎದೆಮಟ್ಟ ಬಂದಿದೆಯಲ್ಲ. ಸೋಸಿಯೇ ಹಾಕಿದ್ದಾ?"

"ಸೋಸದೆ ಮತ್ತೆ? ದಿನಾ ಸೋಸಿದ್ದೇನೆ," ಎಂದುಬಿಟ್ಟಳು ಪೂವಮ್ಮ. ಹೇಳಬೇಕೆಂದಿದ್ದ ಮಾತು ಹಿಂದೆಯೇ ಉಳಿಯಿತು.

"ನನ್ನ ಮಗಳೂ ಇಷ್ಟು ನಿಯಮದಿಂದ ಮಾಡ್ಲಿಕ್ಕಿಲ್ಲ," ಎಂದು ಅವರು ಅವಳ ಕೈ ಹಿಡಿದರು. ಆಮೇಲೆ ಒಣಗಿದ ಎಲೆ ಕೀಳಲು ಸಸಿಯ ಹಿಂದೆ ಬಗ್ಗಿದರು.

ಆಗಲೇ ಬೇಲಿಯ ಬಳಿ ಸೈಕಲ್ ನಿಂತಿತು. ಹಸೈನಾರನಿಗೆ ಕಂಡದ್ದು ಪೂವಮ್ಮನ ಬೆನ್ನು ಮಾತ್ರ.

"ಪೂವಕ್ಕ, ಬುಟ್ಟಿ ತೊಳೆದ ನೀರು ಇವತ್ತು ಒಳ್ಳೆ ದಪ್ಪ ಉಂಟು ಮಾರಾಯ್ತಿ. ನಿಮ್ಮ ಹೊಂಗೆ ಮಕ್ಕಳಿಗೆ ಬೇಡವಾ?"

ಅನಂತಮತಿಯಮ್ಮ ಎದ್ದು ನಿಂತರು. ಹಸೈನಾರ್ ತಲೆಯ ಮುಂಡಾಸು ತೆಗೆದ. "ಅಮ್ಮ ಬಂದದ್ದು ಗೊತ್ತಾಗಲಿಲ್ಲ," ಎಂದು ಸೈಕಲ್ ತಳ್ಳಿಕೊಂಡೇ ಹೋದ.

ಪೂವಮ್ಮ, ಅನಂತಮತಿಯಮ್ಮ ಹಿಡಿದಿದ್ದ ಕೈಯನ್ನು ಸೆರಗಿನೊಳಗೆ ಸೇರಿಸಿದಳು.

"ಮೂರಕ್ಕೂ ಅದೇ ನೀರಾ?"

"ಮೂರಕ್ಕೂ. ಬಾವಿಯಲ್ಲಿ ನೀರಿರಲಿಲ್ಲ ಅಮ್ಮ. ಸಾಯ್ತಿತ್ತು."

"ಇರಲಿಲ್ಲ ಅಂತ ಹೇಳಿದ್ದರೆ ಸಾಕಿತ್ತು. ಸೋಸಿದ್ದೇನೆ ಅಂತ ಯಾಕೆ ಹೇಳಿದೆ?"

ಮೀನಿನ ನೀರಿಗೆ ಪೂವಮ್ಮನಲ್ಲಿ ಕಾರಣವಿತ್ತು, ಸುಳ್ಳಿಗೆ ಇರಲಿಲ್ಲ. ಅನಂತಮತಿಯಮ್ಮ ಜಗಲಿಯ ಚೀಲ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಆ ಮನೆಯ ಅಡಿಗೆಕೋಣೆಯಿಂದ ಹೊಗೆ ಏಳಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಅವರೇ ದೂರದ ಬಾವಿಯಿಂದ ನೀರು ಹೊತ್ತು ತಂದದ್ದು ಕಂಡು ಪೂವಮ್ಮ ಬೇಲಿ ದಾಟಿ ಬಂದಳು.

"ಊಟ ಆಯ್ತಾ ಅಮ್ಮ?"

"ಇವತ್ತು ಉಪವಾಸ."

"ಅಷ್ಟಮಿ ಅಲ್ಲವಲ್ಲ."

"ಅಲ್ಲ."

ಪೂವಮ್ಮನ ಮುಖ ಇಳಿಯಿತು. "ತಪ್ಪು ನನ್ನದು. ನೀವು ಯಾಕೆ ಹಸಿದು ಕೂರುವುದು? ನನ್ನನ್ನು ಬೈಯಿರಿ."

"ಗಿಡ ನನ್ನದು. ಒಪ್ಪಿಸಿದ್ದೂ ನಾನೇ. ಬೈದರೆ ಯಾರ ಹೊಟ್ಟೆ ತುಂಬ್ತದೆ?"

"ಕೊಡ ಇತ್ತ ಕೊಡಿ. ನಾನು ತರ್ತೇನೆ."

"ಬೇಡ ಪೂವಕ್ಕ."

ಅವರು ಮೊದಲ ಪಾತಿಗೆ ನೀರು ಬಿಟ್ಟು, ಖಾಲಿ ಕೊಡ ಸೊಂಟಕ್ಕಿಟ್ಟು ಮತ್ತೆ ಗದ್ದೆಯ ದಾರಿ ಹಿಡಿದರು. ಇನ್ನೂ ಎರಡು ಸಲ ಹೋಗಿಬರಬೇಕು. ಪೂವಮ್ಮನ ಒಲೆಯ ಮೇಲೆ ಮೀನುಸಾರು ಕುದಿಯುತ್ತಿತ್ತು. ಅದರ ವಾಸನೆ ಅಂಗಳ ದಾಟಿ ಇಲ್ಲಿಯವರೆಗೂ ಬರುತ್ತದೆಂದು ಅವಳಿಗೆ ಇವತ್ತೇ ಗೊತ್ತಾದದ್ದು. ಅವರು ಹಿಂದಿರುಗಿ ಬರುವಷ್ಟರಲ್ಲಿ ಒಲೆ ಆರಿಸಬೇಕೆಂದು ಬೇಗ ಬೇಗ ಮನೆಗೆ ನಡೆದಳು.