ಹೊತ್ತು ಮುಳುಗಿದ ಮೇಲಿನ ಅನ್ನ

"ಬೆಳಗಿಂದ ಒಂದು ತುತ್ತು ಕೊಟ್ಟಿಲ್ಲ ಕಣೇ ಗುರುಸಿದ್ದಮ್ಮ," ಎಂದು ಅತ್ತೆ ಧರ್ಮಾವತಿ ಜಗಲಿಯ ಮೇಲೆ ಕೂತು ಎದುರುಮನೆಯವಳಿಗೆ ಹೇಳುತ್ತಿದ್ದದ್ದು ಒಳಗಿದ್ದ ಜಯಮಾಲಾಳಿಗೆ ಕೇಳಿಸಿತು. ಆಗ ತಾನೇ ಅವರು ಉಂಡೆದ್ದ ತಟ್ಟೆಯನ್ನು ಅವಳು ತೊಳೆಯುತ್ತಿದ್ದಳು.

ಹಳೇಬೀಡಿನ ಬಸದಿಯ ಬೀದಿಯಲ್ಲಿ ಧರ್ಮಾವತಿ ವ್ರತನಿಯಮಕ್ಕೆ ಹೆಸರಾದವರು. ಸೂರ್ಯ ಮುಳುಗಿದ ಮೇಲೆ ಬಾಯಿಗೆ ಅಗುಳು ಹಾಕಿದವರಲ್ಲ. ಬಾಣಂತನದಲ್ಲೂ ನಿಯಮ ಬಿಟ್ಟಿರಲಿಲ್ಲ. ಅಂಥವರು ಈ ವರ್ಷ ಉಂಡದ್ದನ್ನೇ ಮರೆಯತೊಡಗಿದರು. ದೀಪ ಹಚ್ಚುವ ಹೊತ್ತಿಗೆ ಬಂದು ಅನ್ನ ಕೇಳುವರು. ಮಗ ಜಿನಚಂದ್ರನಿಗೆ ಇದು ಮುಪ್ಪಿನ ಹಟವೆಂದೇ ತೋರಿತು. ತಾಯಿಯ ವ್ರತ ಕೆಡಬಾರದೆಂದು ಸಂಜೆಯಾಗುತ್ತಲೇ ಅಡುಗೆಮನೆಗೆ ಬೀಗ ಹಾಕುತ್ತಿದ್ದ. ಆಕೆ ಬಾಗಿಲು ಬಡಿದು ಅತ್ತರೆ ಬೀದಿಯವರೆಲ್ಲ ಸೊಸೆಯತ್ತ ನೋಡುತ್ತಿದ್ದರು.

ಮಾದಿಹಳ್ಳಿಯ ಶಾಲೆಯಲ್ಲಿ ಬೆಂಗಳೂರಿನ ಡಾಕ್ಟರಮ್ಮ ಒಬ್ಬರು ಮೆದುಳಿನ ಕಾಯಿಲೆಗಳ ಬಗ್ಗೆ ಮಾತಾಡುತ್ತಾರೆಂದು ಕೇಳಿ ಜಯಮಾಲಾ ಗುರುಸಿದ್ದಮ್ಮನ ಜೊತೆ ಬಸ್ಸು ಹತ್ತಿದಳು. ಮೂರ್ಛೆ, ಲಕ್ವಗಳ ಮಾತು ಮುಗಿಸಿದ ಡಾಕ್ಟರಮ್ಮ, ಕೆಲವು ವಯಸ್ಸಾದವರ ಮೆದುಳೇ ಸವೆಯುತ್ತ ಹೋಗುತ್ತದೆ, ಹಳೆಯದೆಲ್ಲ ಉಳಿದು ಈಗಷ್ಟೇ ಆದದ್ದು ಅಳಿಸಿಹೋಗುತ್ತದೆ ಎಂದರು. ಇದು ಹಟವೂ ಅಲ್ಲ, ಗಾಳಿಸೋಂಕೂ ಅಲ್ಲ. ವಾಸಿಮಾಡುವ ಮದ್ದು ಇನ್ನೂ ಸಿಕ್ಕಿಲ್ಲ. ಇಂಥವರು ಎಷ್ಟು ಮಂದಿ ಇದ್ದಾರೆಂದು ತಿಳಿಯಲು ಊರೂರು ಸುತ್ತುತ್ತಿದ್ದೇವೆ, ಮನೆಯವರೇ ಮುಚ್ಚಿಟ್ಟರೆ ತಿಳಿಯುವುದು ಹೇಗೆ ಎಂದು ಕೇಳಿದರು.

ಜಯಮಾಲಾ ಸೆರಗು ಬಿಗಿಹಿಡಿದು ಎದ್ದಳು.

"ನಮ್ಮತ್ತೆಗೆ ಹಂಗೇ ಆಗೈತೆ. ನಾವು ಬೀಗ ಹಾಕ್ತಾ ಇದೀವಿ."

ಮನೆಯ ಮಾತನ್ನು ಊರ ಮುಂದೆ ಇಟ್ಟಳೆಂದು ಜಿನಚಂದ್ರ ಅವಳೊಡನೆ ಮಾತು ಬಿಟ್ಟ. ಆ ಭಾನುವಾರ ಡಾಕ್ಟರಮ್ಮ ಮನೆಗೇ ಬಂದರು. ಧರ್ಮಾವತಿಯ ಪಕ್ಕ ಕೂತು ತವರು, ಗಂಡನ ಹೆಸರು ಎಲ್ಲ ವಿಚಾರಿಸಿದರು. ಉತ್ತರ ತಡವರಿಸದೆ ಬಂತು. ಬೆಳಿಗ್ಗೆ ಏನು ಉಂಡಿರಿ ಎಂದಾಗ ಮಾತ್ರ ಆಕೆ ಮಗನ ಮುಖ ನೋಡಿದರು, ಪಾಠ ಬಾರದ ಮಗು ಮೇಷ್ಟರನ್ನು ನೋಡುವಂತೆ. ಜಿನಚಂದ್ರ ತಲೆ ತಗ್ಗಿಸಿದ್ದು ಜಯಮಾಲಾಳ ಕಣ್ಣಿಗೆ ಬಿತ್ತು.

"ಅವ್ವ ಬೇಕೂಂತ ಮಾಡ್ತಿಲ್ವಾ?" ಎಂದು ಕೇಳಿದ. ಇಲ್ಲ ಎಂದರು ಡಾಕ್ಟರಮ್ಮ.

ಅಂದು ಹೊತ್ತು ಮುಳುಗಿದಾಗ ಧರ್ಮಾವತಿ ಎಂದಿನಂತೆ ಬಂದು ಹಸಿವೆಂದರು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಜಿನಚಂದ್ರ ಒಂದು ಹಿಡಿ ಅನ್ನಕ್ಕೆ ಹಾಲು ಕಲಸಿ ತಾಯಿಯ ಎದುರು ಕೂತ. ಮೊದಲ ತುತ್ತನ್ನು ಬಾಯಿಗಿಟ್ಟ. ಧರ್ಮಾವತಿ ಅದನ್ನು ನುಂಗಿ, ಹೊರಗಿನ ಮಬ್ಬಿನ ಕಡೆ ನೋಡಿ, ಮಗನ ಕೈ ಹಿಡಿದರು.

"ಕತ್ತಲಾಯ್ತು ಕಣಪ್ಪ. ನೀನು ಉಣ್ಬ್ಯಾಡ."

"ಇಲ್ಲ ಅವ್ವ, ಉಣ್ಣಲ್ಲ," ಎಂದು ಅವನು ಇನ್ನೊಂದು ತುತ್ತು ಮಾಡಿದ.

ಜಯಮಾಲಾ ಲಾಟೀನು ತಂದು ಇಬ್ಬರ ನಡುವೆ ಇಟ್ಟಳು.