ಬಚ್ಚಲುಮನೆಯಲ್ಲಿ ಬೆಳೆದ ಮೆಂತೆ

ಈ ಕಥೆಯನ್ನು ನಾನು ಇಬ್ಬರ ಬಾಯಿಂದ ಕೇಳಿ ಬರೆದುಕೊಂಡಿದ್ದೇನೆ. ಒಬ್ಬ ದುಧನಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಗುರುಸಿದ್ಧ, ಇನ್ನೊಬ್ಬ ವಾಗದರಿಯ ಕುರಿಗಾರ ಧೂಳಪ್ಪ. ಇಬ್ಬರ ಕಥೆಯಲ್ಲೂ ಸೋಲಾಪುರದ ಒಬ್ಬ ಮೂರ್ಖ ಬರುತ್ತಾನೆ. ಧೂಳಪ್ಪನ ಪ್ರಕಾರ ಆ ಮೂರ್ಖ ಕೊನೆಗೆ ಕುರಿಹಟ್ಟಿಯಲ್ಲಿ ಕುಳಿತು ಅಳುತ್ತಾನೆ. ನಾನು ಅತ್ತಿರಲಿಲ್ಲ. ಆದರೆ ಹೇಳಿದವರ ಮಾತನ್ನು ತಿದ್ದಬಾರದೆಂಬುದು ಮೂವತ್ತು ವರ್ಷಗಳಿಂದ ಜನಪದ ಕಥೆಗಳನ್ನು ಸಂಗ್ರಹಿಸುತ್ತ ನಾನು ಪಾಲಿಸಿಕೊಂಡು ಬಂದ ನಿಯಮ. ಆದ್ದರಿಂದ ಅತ್ತೆನೆಂದೇ ಬರೆದುಕೊಂಡಿದ್ದೇನೆ. ಕೆಳಗಿನದು ಅದೇ ಕಥೆಯ ಮೂರನೆಯ ಪಾಠ, ನನ್ನದು.

ಧೂಳಪ್ಪನ ತಾಯಿ ಸೋನಾಬಾಯಿಯಿಂದ ಎಂಟು ವರ್ಷ ಕುರಿಗಾರರ ದೇವರು ಬೀರೋಬಾನ ಕಥೆಗಳನ್ನು ಸಂಗ್ರಹಿಸಿದ್ದೆ. ಒಂದು ಮಾತ್ರ ಉಳಿದಿತ್ತು: ಬೀರೋಬಾ ಕುರಿಗಳಿಗೆ ಮೊದಲ ಸಲ ಮೇವು ತೋರಿಸಿದ ಕಥೆ. ಅದನ್ನು ಬಲ್ಲವರು ಬೇರೆ ಯಾರೂ ಇರಲಿಲ್ಲ. ಅದಿಲ್ಲದೆ ನನ್ನ ಸಂಪುಟ ಮುಗಿಯುವಂತಿರಲಿಲ್ಲ. ಕೇಳಿದಾಗ ಆಕೆ ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡು ಹೇಳಿದಳು: “ಮಾಸ್ತರ್ರ, ಎಂಟ ವರ್ಷ ಆತು, ಬರೇ ಒಯ್ಯಾಕತ್ತೀರಿ. ನಿಮ್ಮ ಕೈಯಾಗ ಬೆಳೆದಿದ್ದು ಒಂದ ಸೂಡು ಮೆಂತೆಪಲ್ಲೆ ತರ್ರಿ. ಆವಾಗ ಹೇಳ್ತೀನಿ.”

ಸೋಲಾಪುರದಲ್ಲಿ ಮೂರನೆಯ ಮಹಡಿಯ ನಮ್ಮ ಮನೆಗೆ ಮಣ್ಣೂ ಇಲ್ಲ, ಬಿಸಿಲೂ ಇಲ್ಲ.

“ಮಂಡಿಯಾಗ ಹತ್ತ ರೂಪಾಯಿಗೆ ಸಿಗ್ತದ. ನಾನ ಬೆಳೆದೀನಿ ಅಂತ ಕೊಟ್ಟ ಬರ್ರಿ,” ಎಂದಳು ನನ್ನ ಹೆಂಡತಿ ಚಂದ್ರಭಾಗಾ.

“ಮೂಲ ಸುಳ್ಳಾಗ್ತದ,” ಎಂದೆ.

“ಹಂಗಾರ ನಿಮ್ಮ ಮೂಲ ಎಲ್ಲಿ ಇಡ್ತೀರಿ?”

ಬಳಸದ ಎರಡನೆಯ ಬಚ್ಚಲುಮನೆಯಲ್ಲಿ ಇಟ್ಟೆ. ಮಣ್ಣಿಲ್ಲದೆ ನೀರಿನಲ್ಲೇ ಬೆಳೆಸುವ ವಿಧಾನವನ್ನು ಮೊಬೈಲಿನಲ್ಲಿ ನೋಡಿ, ಬಟ್ಟೆ ನೆನೆಸುವ ಟಬ್ಬಿನ ಮೇಲೆ ತೂತು ಕೊರೆದ ಥರ್ಮಾಕೋಲ್ ಹಾಸಿ, ತೂತುಗಳಲ್ಲಿ ತೆಂಗಿನ ನಾರು ತುಂಬಿ ಮೆಂತೆ ಬಿತ್ತಿದೆ. ಬಿಸಿಲಿಗೆ ಬದಲಾಗಿ, ಗಣಪತಿಯ ಮಂಟಪಕ್ಕೆ ತಂದಿದ್ದ ಕೆಂಪು, ನೀಲಿ ದೀಪದ ಸರಗಳನ್ನು ಷವರಿನ ಕೊಳವೆಗೆ ಕಟ್ಟಿದೆ. ಗವಾಕ್ಷಿಯಿಂದ ಹೊರಬಿದ್ದ ನೇರಳೆ ಬೆಳಕನ್ನು ಕಂಡು ಪಕ್ಕದ ಮನೆಯ ಕಸ್ತೂರಬಾಯಿ ಬಂದರು.

“ಚಂದ್ರಾ, ಸಾಹೇಬರು ಬಚ್ಚಲದಾಗ ಆರ್ಕೆಸ್ಟ್ರಾ ಸುರು ಮಾಡ್ಯಾರೇನ?”

ಅಂದೇ ಚಂದ್ರಭಾಗಾ ಗವಾಕ್ಷಿಗೆ ಹಳೆಯ ಚಾದರವೊಂದನ್ನು ಬಿಗಿದಳು.

ಇನ್ನು ಗಿಡಕ್ಕೆ ಆಹಾರ. ಗುರುಸಿದ್ಧನನ್ನು ಕೇಳಿದೆ: ನೀರಿನಲ್ಲಿ ಕರಗುವ ಗೊಬ್ಬರದ ಪುಡಿ, ಲೀಟರಿಗೆ ಒಂದು ಗ್ರಾಂ, ಬೇರೇನೂ ಬೇಡ. ಧೂಳಪ್ಪನನ್ನು ಕೇಳಿದೆ: ಕುರಿಹಿಕ್ಕೆ ನೆನೆಸಿ ಸೋಸಿದ ನೀರು, ಬೇರೇನೂ ಬೇಡ. ಕಸ್ತೂರಬಾಯಿ ಕೇಳದೆಯೇ ಹೇಳಿದರು: ಬೂದಿಯ ತಿಳಿ, ಬೇರೇನೂ ಬೇಡ. ಮೂರನ್ನೂ ಹೇಳಿದವರ ಹೆಸರು, ತಾರೀಖುಗಳೊಡನೆ ಬರೆದುಕೊಂಡೆ. ಒಂದು ಕಥೆಗೆ ಮೂರು ಪಾಠ ಸಿಕ್ಕರೆ ನಾನು ಯಾವುದನ್ನೂ ಬಿಡುವವನಲ್ಲ. ಅಕ್ಕಪಕ್ಕದಲ್ಲಿಟ್ಟು ಅಚ್ಚು ಹಾಕಿಸುತ್ತೇನೆ. ಅದೇ ಶಿಸ್ತಿನಿಂದ ಮೂರನ್ನೂ ಪೂರ್ತಿ ಪ್ರಮಾಣದಲ್ಲಿ ಒಂದೇ ಟಬ್ಬಿಗೆ ಸುರಿದೆ. ಮೂವರೂ ಹೇಳಿದ್ದ “ಬೇರೇನೂ ಬೇಡ” ಎಂಬ ಮಾತನ್ನು ಸಹ ನಿಷ್ಠೆಯಿಂದ ಬರೆದುಕೊಂಡಿದ್ದೆ. ಬರೆದುಕೊಳ್ಳುವುದು ಬೇರೆ, ಓದುವುದು ಬೇರೆ.

ಮೆಂತೆ ಮೊಳೆತು, ದೂರದ ದೀಪಗಳನ್ನು ಮುಟ್ಟುವ ಆಸೆಯಿಂದ ದಾರದಂತೆ ಸಪೂರವಾಗಿ ಬೆಳೆದು, ಅಡ್ಡಬಿತ್ತು. ಎಲೆಯ ಅಂಚುಗಳು ಸುಟ್ಟು ಕಂದಾದವು. ಬಚ್ಚಲು ಹಟ್ಟಿಯಂತೆ ನಾರತೊಡಗಿತು. ಇಪ್ಪತ್ತೆರಡನೆಯ ದಿನ, ಉಳಿದಿದ್ದ ಒಂದು ಹಿಡಿ ಮೆಂತೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ವಾಗದರಿಗೆ ಹೋದೆ.

ಸೋನಾಬಾಯಿ ಬಟ್ಟೆ ಬಿಚ್ಚಿ ನೋಡಿದಳು.

“ಇದಕ್ಕ ಜ್ವರ ಬಂದಿದ್ದೂವೇನು?”

“ನನ್ನ ಕೈಯಾಗ ಬೆಳೆದಿದ್ದು ಖರೇ ಅದ, ಆಯಿ,” ಎಂದೆ.

“ಅದೇನ ಕಾಣಸ್ತದಲ್ಲ.”

ಹೊಸ ಮೇವು ಏನೇ ಬರಲಿ, ಮೊದಲು ಹಿರಿಯ ಕುರಿಯ ಮುಂದಿಡುವುದು ಆ ಹಟ್ಟಿಯ ಪದ್ಧತಿ. ಅದು ತಿಂದರೆ ಮಾತ್ರ ಉಳಿದವಕ್ಕೆ. ಆಕೆ ನನ್ನ ಮೆಂತೆಯನ್ನು ಕುರಿಯ ಮುಂದಿಟ್ಟಳು. ಕುರಿ ಮೂಸಿತು, ಸೀನಿತು, ನನ್ನನ್ನೊಮ್ಮೆ ನೋಡಿ ಆಚೆ ಹೋಯಿತು. ನಾನು ನೆಲದ ಮೇಲೆ ಕುಳಿತುಬಿಟ್ಟೆ. ಧೂಳಪ್ಪ ಇದನ್ನೇ ಅಳು ಎಂದು ತಿಳಿದಿರಬೇಕು.

“ವಹಿ ತಗೀರಿ, ಮಾಸ್ತರ್ರ,” ಎಂದು ಸೋನಾಬಾಯಿ ನನ್ನ ಟಿಪ್ಪಣಿ ಪುಸ್ತಕದ ಕಡೆ ಕೈ ತೋರಿದಳು. “ಬೀರೋಬಾನೂ ಮೊದಲ ಹಿಂಗ ಮಾಡಿದ್ದ. ದಾರ್ಯಾಗ ಸಿಕ್ಕಸಿಕ್ಕವರನ್ನ ಕೇಳಿದ. ಎಲ್ಲಾರೂ ಹೇಳಿದ್ದು ಕಲಸಿ ಕುರಿ ಮುಂದ ಇಟ್ಟ. ಕುರಿ ಮಾರಿ ತಿರುವಿತು. ಬರಕೊಂಡ್ರ್ಯಾ? ಅರ್ಧಾ ಕಥಿ ಇಷ್ಟ.”

“ಇನ್ನರ್ಧಾ?”

“ಕುರಿ ತಿಂದ ದಿನ.”

ಈ ಅರ್ಧ ಅನಾದಿಯಿಂದ ಬಂದುದೋ, ಅದೇ ಕ್ಷಣದಲ್ಲಿ ಹುಟ್ಟಿದುದೋ, ನಿರ್ಧರಿಸಲಾರೆ. ಆಕೆ ಹೇಳುವಾಗ ಧೂಳಪ್ಪ ಗೋಡೆಯ ಕಡೆ ತಿರುಗಿ ನಗುತ್ತಿದ್ದನೆಂಬುದನ್ನು ಅಡಿಟಿಪ್ಪಣಿಯಲ್ಲಿ ದಾಖಲಿಸಿದ್ದೇನೆ.

ಈಗ ಟಬ್ಬು ತೊಳೆದು ಮತ್ತೆ ಮೆಂತೆ ಬಿತ್ತಿ, ದೀಪಗಳನ್ನು ಗಿಡದಿಂದ ಒಂದು ಗೇಣು ಎತ್ತರಕ್ಕೆ ಇಳಿಸಿದ್ದೇನೆ. ಗುರುಸಿದ್ಧನ ಪುಡಿಯೊಂದೇ, ಅದೂ ಹೇಳಿದ್ದರ ಅರ್ಧ. ಇಂದಿಗೆ ಹನ್ನೊಂದನೆಯ ದಿನ. ಎಲೆಯ ಅಂಚು ಇನ್ನೂ ಹಸಿರಾಗಿದೆ. ನಿನ್ನೆ ಕಸ್ತೂರಬಾಯಿ ಬಂದು, ಹುಳಿ ಮಜ್ಜಿಗೆ ಹಾಕಿದರೆ ಇನ್ನೂ ಬೇಗ ಬರುತ್ತದೆಂದರು. ಹೆಸರು, ತಾರೀಖಿನೊಡನೆ ಬರೆದುಕೊಂಡೆ. ಟಬ್ಬಿಗೆ ಹಾಕಲಿಲ್ಲ.