ಕೇಳಿದರೆ ಮಾತ್ರ

ಸೆಟೆದ ಬಲಗೈ ಕೋಟಿನ ತೋಳಿನೊಳಗೆ ಹೋಗಲೊಲ್ಲದು. ಸಾವಿತ್ರಮ್ಮ ಗಂಡನ ಮಣಿಕಟ್ಟು ಹಿಡಿದು ಜಗ್ಗಿದರು.

"ಮೆಲ್ಲಗೆ ಅತ್ತಿಗೆ, ಅಣ್ಣಂಗೆ ನೋವಾಗತ್ತೆ" ಅಂದಳು ಸಾದಲಿಯಿಂದ ಬಂದಿದ್ದ ನಾದಿನಿ ಅಮ್ಮಾಜಮ್ಮ. ತಾನು ಅಂದದ್ದೇನೆಂದು ಹೊಳೆದು ಸೆರಗಿಗೆ ಮುಖ ಒತ್ತಿಕೊಂಡಳು.

ಸಾವಿತ್ರಮ್ಮ ಅಳಲಿಲ್ಲ. ಕತ್ತರಿ ತಂದು ಕೋಟಿನ ಬೆನ್ನನ್ನು ಉದ್ದಕ್ಕೆ ಸೀಳಿ, ಎರಡು ಹೋಳು ಮಾಡಿ ತೊಡಿಸಿದರು. ಮೇಲಿಂದ ನೋಡಿದವರಿಗೆ ಏನೂ ತಿಳಿಯುವಂತಿರಲಿಲ್ಲ.

ಗುಮಾಸ್ತರಾಗಿ ನಿವೃತ್ತರಾದ ಗಂಡ ಪುಟ್ಟಸ್ವಾಮಯ್ಯ ಶಿಡ್ಲಘಟ್ಟದ ಪುಟ್ಟ ಕ್ರೈಸ್ತ ಸಭೆಗೆ ಹಿರಿಯರಾಗಿದ್ದರು. ಭಾನುವಾರ ಅವರು ಎದ್ದು ನಿಂತು ಪ್ರಾರ್ಥಿಸಿದರೆ ಪಕ್ಕದ ರೇಷ್ಮೆ ಕಾರ್ಖಾನೆಯ ಸದ್ದನ್ನೂ ಮೀರಿ ಕೇಳಿಸುತ್ತಿತ್ತು.

*

ಅವರು ಗಟ್ಟಿಯಾಗಿದ್ದ ಕಾಲದಲ್ಲಿ ಬೀರುವಿನ ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು. ಸೋಪು, ಎಣ್ಣೆ, ಬೇಳೆ ಯಾವುದಕ್ಕೂ ಸಾವಿತ್ರಮ್ಮ ಗಂಡನ ಕುರ್ಚಿಯ ಮುಂದೆ ನಿಂತು ಕೇಳಬೇಕು. ಚಿಂತಾಮಣಿಯಲ್ಲಿ ತಮ್ಮ ತಾಯಿಗೆ ಕಾಯಿಲೆ ಜೋರಾಗಿದೆಯೆಂದು ಸುದ್ದಿ ಬಂದ ದಿನವೂ ಹಾಗೇ.

"ಇದು ಕೇಳೋ ರೀತೀನಾ? ತಲೆ ತಗ್ಗಿಸಿ ಕೇಳು. ಗಂಡನ ಮುಂದೆ ದೀನಳಾಗದೋಳು ದೇವರ ಮುಂದೆ ಏನಾಗ್ತೀಯ?"

ಮೂರು ಸಲ ಕೇಳಿದರು. ಮೂರನೆಯ ಸಲಕ್ಕೆ ಅಪ್ಪಣೆ ಸಿಕ್ಕಿತು. ಸಾವಿತ್ರಮ್ಮ ಹೋಗಿ ತಲುಪುವಷ್ಟರಲ್ಲಿ ತಾಯಿಯನ್ನು ಮಣ್ಣು ಮಾಡಿ ಬಂದವರು ಕಾಲು ತೊಳೆಯುತ್ತಿದ್ದರು.

*

"ಲಕ್ವ ಹೊಡೆದ ಮೇಲೆ ಈ ಎರಡು ವರ್ಷ, ದೀನತೆ ಅಂದ್ರೇನು ಅಂತ ಅವರು ನಮಗೆಲ್ಲ ತೋರಿಸಿಕೊಟ್ರು" ಎಂದರು ಪಾಸ್ಟರ್ ಜಗನ್, ಶವಪೆಟ್ಟಿಗೆಯ ಮೇಲೆ ಕೈಯಿಟ್ಟು. "ಅಂಥ ದನಿ ಇದ್ದ ಮನುಷ್ಯ ತುತ್ತು ಗಂಜಿಗೆ ಕಾಯೋ ಮಗು ಆದ್ರು. ದೇವರು ಅವರಿಗೆ ಸಾವಿತ್ರಮ್ಮನೋರ ಕೈ ಕೊಟ್ಟಿದ್ದ."

"ಆಮೆನ್" ಎಂದಿತು ಸಭೆ. ಹಿಂದೆ ಕೂತಿದ್ದ ಯಾರೋ ಹೆಂಗಸು ಸಾವಿತ್ರಮ್ಮನ ಭುಜ ಸವರಿದಳು.

*

ಆ ಎರಡು ವರ್ಷ ಊಟದ ಹೊತ್ತಿಗೆ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ರಾಗಿಗಂಜಿಯ ಬಟ್ಟಲನ್ನು ಗಂಡನ ಕೈಗೆಟುಕದ ಹಾಗೆ ಹಿಡಿದು ಸಾವಿತ್ರಮ್ಮ ಕೂರುತ್ತಿದ್ದರು.

"ಕೇಳಿ."

"ಗಂ... ಗಂ..."

"ಇದು ಕೇಳೋ ರೀತೀನಾ? ತಲೆ ತಗ್ಗಿಸಿ."

ಮೊದಮೊದಲು ಆ ಕಣ್ಣುಗಳಲ್ಲಿ ಸಿಟ್ಟಿತ್ತು. ಆಮೇಲೆ ಹೆದರಿಕೆ. ಬರಬರುತ್ತ, ಬಾಗಿಲು ತೆರೆದ ಸದ್ದಿಗೇ ತಲೆ ತಾನಾಗಿ ಬಗ್ಗುತ್ತಿತ್ತು. ಅಷ್ಟಾದರೂ ಸಾವಿತ್ರಮ್ಮನಿಗೆ ಸಾಕೆನಿಸಲಿಲ್ಲ.

ನಿನ್ನೆ ಬೆಳಿಗ್ಗೆ ಗಂಜಿ ಆರಿ ಕೆನೆಗಟ್ಟಿತ್ತು. ಅವರು ಬಟ್ಟಲಿನ ಕಡೆ ನೋಡಲೇ ಇಲ್ಲ. ಹೆಂಡತಿಯ ಮುಖವನ್ನೇ ನೋಡುತ್ತ, ಸೊಟ್ಟಗಾದ ತುಟಿಯಿಂದ ಬೇರೆಯೇ ಒಂದು ಮಾತನ್ನು ಹೊರಡಿಸಲು ತಿಣುಕಿದರು.

"ಕ್ಷ... ಕ್ಷಮ್..."

ಅದೇನೆಂದು ಸಾವಿತ್ರಮ್ಮನಿಗೆ ಗೊತ್ತಾಯಿತು.

"ಸರಿಯಾಗಿ ಕೇಳಲಿಲ್ಲ. ಇನ್ನೊಂದ್ಸಲ" ಅಂದರು.

ಅವರು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಉಳಿಯಿತು.

*

ಗುಂಡಿಯ ಬಳಿ ಪಾಸ್ಟರ್ ಮೆಲುದನಿಯಲ್ಲಿ, "ಕೊನೇಲಿ ಏನಾದ್ರೂ ಅಂದ್ರಾ ಅಮ್ಮ?" ಎಂದು ಕೇಳಿದರು.

"ಕ್ಷಮೆ ಕೇಳಿದ್ರು."

"ದೇವರಿಗೆ ಸ್ತೋತ್ರ!" ಪಾಸ್ಟರ್ ನೆರೆದವರತ್ತ ತಿರುಗಿ ದನಿಯೇರಿಸಿದರು. "ಕರ್ತನ ಹತ್ರ ಕ್ಷಮೆ ಕೇಳ್ತಾನೇ ಕಣ್ಮುಚ್ಚಿದ್ರಂತೆ. ಆತ ಕ್ಷಮಿಸದೆ ಇರ್ತಾನಾ?"

ಸಾವಿತ್ರಮ್ಮ ತಿದ್ದಲಿಲ್ಲ. ಮಂಡಿಯೂರಿ ಕೂತು ಒಂದು ಹಿಡಿ ಮಣ್ಣು ಹಾಕಿದರು. ಏಳಲು ಹೋದರೆ ಮಂಡಿ ಹಿಡಿದುಕೊಂಡಿತ್ತು.

"ಕೈ ಕೊಡಿ ಅತ್ತಿಗೆ" ಎಂದು ಅಮ್ಮಾಜಮ್ಮ ಬಗ್ಗಿದಳು.

"ಬೇಡ."

ಪಾಸ್ಟರ್ ಕೂಡ ಕೈ ಚಾಚಿದರು. ಸಾವಿತ್ರಮ್ಮ ಅದನ್ನು ನೋಡಲಿಲ್ಲ. ಅಗೆದು ಹಾಕಿದ್ದ ಹಸಿಮಣ್ಣಿನ ಗುಡ್ಡೆಗೆ ಅಂಗೈಯೂರಿ ಮೈಭಾರವೆಲ್ಲ ಬಿಟ್ಟು ಮೇಲೇಳಲು ನೋಡಿದರು. ಮಣ್ಣು ಕುಸಿದು ಕೈ ಮೊಣಕೈವರೆಗೆ ಒಳಗೆ ಹೋಯಿತು. ಎಳೆದುಕೊಂಡು, ಇನ್ನೊಂದು ಕಡೆ ಊರಿದರು. ಅಲ್ಲೂ ಕುಸಿಯಿತು.